ಕೂಡಸ್ತೀರೋ, ಕೂಡಸ್ಲೋ?

"ಏ, ಅಲ್ಲೇ ನಿಂದ್ರು! ಚಪ್ಪಲಿ ಸಾಲಿನ್ಯಾಗ ನಿಂದ್ರು! ಒಳಗ ಕಾಲಿಟ್ಟೀ ಅಂದ್ರ ಕಾಲು ಮುರದು ಕೈಯಾಗ ಕೊಡ್ತೀನಿ!"

ಹೇಳಿದವರು ಪದ್ಮಶ್ರೀ. ಪ್ರಶಸ್ತಿಯಲ್ಲ, ಮುಖ್ಯಾಧ್ಯಾಪಕಿ. ಗೋವಾದ ಸಡಾ ಗುಡ್ಡದ ಮೇಲಿದ್ದ ಆ ಕನ್ನಡ ಶಾಲೆಯಲ್ಲಿ ಹುಡುಗರು ಅವರನ್ನು ದೊಡ್ಡಬಾಯಿ ಎಂದು ಕರೆಯುತ್ತಿದ್ದರು. ಬಾಯಿ ಎಂದರೆ ಶಿಕ್ಷಕಿ ಎಂಬ ಅರ್ಥದಲ್ಲಿ.

ಹೇಳಿಸಿಕೊಂಡವಳು ಮೀನಾ. ವಯಸ್ಸು ಒಂಬತ್ತು, ನಾಲ್ಕನೆಯ ಇಯತ್ತೆ. ಮೊಣಕಾಲಿನಿಂದ ಕೆಳಗೆ, ಮೊಣಕೈಯಿಂದ ಕೆಳಗೆ ಕಪ್ಪು ಗುಳ್ಳೆ. ಕೆರೆದಲ್ಲಿ ಕೆಂಪು, ಕೆರೆದು ಬಿಟ್ಟಲ್ಲಿ ಕಪ್ಪು. ಅವಳು ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು ಕುಳಿತಳು. ನಲವತ್ತೊಂದು ಜೊತೆ ಚಪ್ಪಲಿ ಇದ್ದವು. ಯಾವುದೂ ಸರಿದು ಕೂರಲಿಲ್ಲ.

ಬಾಗಿಲಿನಾಚೆಯಿಂದ ಕರಿಹಲಗೆಯ ಎಡಭಾಗ ಮಾತ್ರ ಕಾಣುತ್ತಿತ್ತು. ಹೀಗಾಗಿ ಆ ದಿನಗಳಲ್ಲಿ ಮೀನಾ ಬರೆದುಕೊಂಡ ವಾಕ್ಯಗಳಿಗೆಲ್ಲ ಕರ್ತೃ ಇದ್ದ, ಕ್ರಿಯಾಪದ ಇರಲಿಲ್ಲ. 'ರಾಮನು ಕಾಡಿಗೆ' ಎಂದು ಬರೆದಳು. ರಾಮನು ಕಾಡಿಗೆ ಹೋದನೋ, ಬಂದನೋ, ಕಾಡಿಗೆ ಹೆದರಿ ಮನೆಯಲ್ಲೇ ಉಳಿದನೋ, ಅದು ಒಳಗೆ ಕೂತವರಿಗೆ ಗೊತ್ತು.

ಮಧ್ಯಾಹ್ನ ಅವಳ ಅವ್ವ ಭಾಗವ್ವನನ್ನು ಕರೆಸಿದರು. ಭಾಗವ್ವನಿಗೆ ಬಂದರಿನಲ್ಲಿ ಕೆಲಸ. ಹಡಗು ಹತ್ತಿ ಚೀನಾಕ್ಕೆ ಹೋಗಬೇಕಾದ ಕಬ್ಬಿಣದ ಅದಿರು ದಾರಿಯಲ್ಲಿ ಚೆಲ್ಲುತ್ತದೆ. ಚೆಲ್ಲಿದ್ದನ್ನು ಗುಡಿಸಿ ಒಂದು ಕಡೆ ಕೂಡಿಸುವುದು ಅವಳ ಪಾಲಿಗೆ. ತಲೆಯಿಂದ ಹಿಮ್ಮಡಿಯವರೆಗೆ ಕೆಂಪಾಗಿಯೇ ಓಡಿ ಬಂದಳು.

"ಯಾಕ್ರಿ ಅಕ್ಕೋರ? ಮಗಳು ಏನರ ತುಡುಗು ಮಾಡಿದ್ಲೇನ್ರಿ?"

"ತುಡುಗು ಮಾಡಿದ್ರ ನಾಕು ಬಾರಿಸಿ ಒಳಗ ಕರಕೋತಿದ್ದೆ. ಮೈ ನೋಡು ಆಕೀದು. ಕಜ್ಜಿ ನಾಯಿನೂ ಮಂದಿ ಕಂಡ್ರ ಬಾಜೂಕ್ಕ ಸರೀತಾವ. ಇಕಿ ಬಂದು ಮುಂದಿನ ಸಾಲಿನ್ಯಾಗ ಕೂಡ್ತಾಳ."

"ಸೊಳ್ಳಿ ಕಡದು ಹಂಗ ಆಗ್ಯಾವ್ರಿ."

"ಸೊಳ್ಳಿ ನಮಗ ಕಡಿಯಂಗಿಲ್ಲೇನು? ನಮ್ಮ ಮೈ ಹಿಂಗ ಆಗೇದೇನು?" ಪದ್ಮಶ್ರೀ ಸೆರಗನ್ನು ಮೂಗಿಗೆ ಹಿಡಿದರು. "ಅಂಟು ಅಲ್ಲ ಅಂತ ಡಾಕ್ಟರ್ ಕಡಿಂದ ಸರ್ಟಿಫಿಕೇಟ್ ತಗೊಂಡ್ ಬಾ. ಆವಾಗ ಒಳಗ ಕೂಡಸ್ತೀನಿ."

"ಇವತ್ತೊಂದಿನ ಹಿಂದಿನ ಸಾಲಿನ್ಯಾಗರ ಕೂಡಸ್ರಿ ಅಕ್ಕೋರ. ನೆಲಾ ಹಸಿ ಐತಿ."

"ಸರ್ಟಿಫಿಕೇಟ್."

ಅದು ಎರಡು ಸಾವಿರದ ಒಂಬತ್ತರ ಶ್ರಾವಣ. ಮೂರು ದಿನ ಬಿಟ್ಟು ಶಾಲೆಯಲ್ಲಿ ಗಣಪತಿ ಕೂಡಿಸಿದರು. ಮಣ್ಣಿನ ಗಣಪತಿ. ಮಳೆಗೆ ತೊಯ್ದು ಬಣ್ಣ ಎದ್ದು ಹೊಟ್ಟೆಯ ತುಂಬ ಬೊಬ್ಬೆ ಬಂದಿತ್ತು. ಮೀನಾ ಬಾಗಿಲ ಹೊರಗಿನಿಂದಲೇ ಕೈ ಮುಗಿದು, "ಅವ್ವಾ, ಅಂವಗ ಯಾರ್ ಕೊಟ್ರು ಸರ್ಟಿಫಿಕೇಟ?" ಎಂದು ಕೇಳಿದಳು. ಭಾಗವ್ವ ಅವಳ ಬಾಯಿಯ ಮೇಲೆ ಒಂದು ಬಾರಿಸಿದಳು. ದೇವರಿಗೆ ಹಾಗೆಲ್ಲ ಅನ್ನಬಾರದು.

*

ಭಾಗವ್ವನಿಗೆ ಡಾಕ್ಟರರ ದಾರಿ ಗೊತ್ತಿರಲಿಲ್ಲ ಎಂದಲ್ಲ. ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ದೊಡ್ಡ ದವಾಖಾನೆಗೆ ಹೋಗಿ, ಒಂದು ಕಿಟಕಿಯ ಮುಂದೆ ಮುಖಕ್ಕೆ ಸೆರಗು ಸುತ್ತಿಕೊಂಡು ನಿಂತು ಗುಳಿಗೆ ತರುತ್ತಿದ್ದಳು. ಕಿಟಕಿಯ ಮೇಲೆ ಮೂರು ಇಂಗ್ಲಿಷ್ ಅಕ್ಷರ: ಎ, ಆರ್, ಟಿ. ಒಮ್ಮೆ ಜೊತೆಗೆ ಹೋಗಿದ್ದ ಮೀನಾ ಆಗಷ್ಟೇ ಕಲಿತ ಇಂಗ್ಲಿಷಿನಲ್ಲಿ ಅದನ್ನು ಕೂಡಿಸಿ ಓದಿ, ಶಾಲೆಯಲ್ಲೆಲ್ಲ "ನಮ್ಮವ್ವ ಆರ್ಟ್ ಕಲಿಯಾಕ ಹೋಗ್ತಾಳ" ಎಂದು ಸಾರಿದ್ದಳು. ಪದ್ಮಶ್ರೀಯವರಿಗೂ ಅದು ತಲುಪಿತ್ತು. "ಹೌದ? ಹಂಗಾರ ರಾಜ್ಯೋತ್ಸವಕ್ಕ ಸಾಲಿಗೆ ಚಿತ್ರಾ ತಗದು ಕೊಡಂತ ಹೇಳು ನಿಮ್ಮವ್ವಗ" ಎಂದಿದ್ದರು. ಭಾಗವ್ವ ಆಗಲಿ ಎಂದಿದ್ದಳು. ಬೇರೆ ಏನೆನ್ನಬೇಕು?

ಗಂಡ ಭರಮಪ್ಪ ತೀರಿಕೊಂಡು ಎರಡು ವರ್ಷ. ಓಣಿಗೆ ಟಿ.ಬಿ. ಎಂದು ಹೇಳಿದ್ದಾಗಿತ್ತು. ಮಗಳ ರಕ್ತವನ್ನೂ ತೋರಿಸು ಎಂದು ದವಾಖಾನೆಯಲ್ಲಿ ನಾಲ್ಕು ಸಲ ಹೇಳಿದ್ದರು. ಮೀನಾಳ ವಿಷಯದಲ್ಲಿ ಭಾಗವ್ವ ನಾಲ್ಕು ಸಲವೂ ಮೀನಮೇಷ ಎಣಿಸಿದ್ದಳು. ಕೇಳದಿರುವ ತನಕ ಯಾರೂ ಹೌದು ಎನ್ನುವುದಿಲ್ಲವಲ್ಲ.

ಗಣಪತಿ ನೀರಿಗೆ ಹೋದ ವಾರ ಮೀನಾಳ ಬೆನ್ನು ಉರಿಯತೊಡಗಿತು. ಬೆನ್ನುಹುರಿಯ ಹತ್ತಿರ ಸಣ್ಣ ನೀರುಗುಳ್ಳೆಗಳ ಗುಂಪು. ಮರುದಿನ ಅದು ಎಡ ಪಕ್ಕೆಗೆ ಬಂತು. ಅದರ ಮರುದಿನ ಹೊಕ್ಕಳಿನ ಕಡೆ ಹೊರಟಿತು. ಅಂಗಿ ತಾಗಿದರೂ ಹುಡುಗಿ ಚೀರುತ್ತಿದ್ದಳು.

ಪಕ್ಕದ ಗುಡಿಸಲಿನ ಮಂಗಿಬಾಯಿ ಬೆಳಿಗ್ಗೆ ನೀರಿಗೆ ಹೋಗುವವಳು ಕೊಡ ಇಳಿಸಿ ಒಳಗೆ ಬಂದಳು. ವಿಜಾಪುರದ ಕಡೆಯ ಮುದುಕಿ, ನಾಟಿ ಔಷಧದಲ್ಲಿ ಕೈ ಪಳಗಿದವಳು. ಅಂಗಿ ಎತ್ತಿ ನೋಡಿ ನಾಲಿಗೆ ಕಚ್ಚಿಕೊಂಡಳು.

"ಯವ್ವಾ, ಇದು ಸರ್ಪಸುತ್ತು. ಹಾವು ಸುತ್ತಾಕತ್ತೈತಿ. ಇಲ್ಲಿ ನೋಡು ಬಾಲ, ಇಲ್ಲಿ ಹೆಡಿ. ಹೆಡಿ ಹೋಗಿ ಬಾಲ ಕೂಡ್ತು ಅಂದ್ರ ಮುಗೀತು."

"ಏನ್ ಮಾಡಬೇಕವ್ವಾ ಈಗ?"

"ದಾರಿ ಕಟ್ಟಬೇಕು. ಕೆಮ್ಮಣ್ಣು ತಾ."

ಕೆಮ್ಮಣ್ಣು ಊರಲ್ಲಿತ್ತು. ಊರು ನೂರಾರು ಮೈಲಿ ಆಚೆ ಇತ್ತು. ಮಂಗಿಬಾಯಿ ಸುತ್ತಲೂ ನೋಡಿದಳು. ಗುಡಿಸಲಿನ ತಗಡು ಕೆಂಪು, ತೊಲೆ ಕೆಂಪು, ಕೊಡದ ಕಂಠ ಕೆಂಪು, ಭಾಗವ್ವನ ಹಣೆಯ ಸುಕ್ಕು ಕೆಂಪು.

"ನಿನ್ನೌನ್! ಕೆಮ್ಮಣ್ಣಿನ ಗುಡ್ಡದಾಗ ಕುಂತು ಕೆಮ್ಮಣ್ಣು ಹುಡುಕಾಕತ್ತೀವಲ್ಲೇ! ನಿನ್ನ ಸೀರಿ ಝಾಡಸ."

ಭಾಗವ್ವ ಕೆಲಸದ ಸೀರೆಯನ್ನು ಪರಾತದ ಮೇಲೆ ಕೊಡವಿದಳು. ಮುಷ್ಟಿ ತುಂಬ ಅದಿರು ಉದುರಿತು. ಚೀನಾಕ್ಕೆ ಹೋಗಬೇಕಾದದ್ದು ನೀರಿನಲ್ಲಿ ಕಲಸಲ್ಪಟ್ಟು ಮೀನಾಳ ಪಕ್ಕೆಗೆ ಬಂತು. ಮಂಗಿಬಾಯಿ ಹಾವಿನ ಹೆಡೆಯ ಮುಂದೆ ಒಂದು ದಪ್ಪ ಗೆರೆ ಎಳೆದಳು, ಬಾಲದ ಹಿಂದೆ ಒಂದು ಎಳೆದಳು, ಏನೋ ಮಣಮಣ ಅಂದಳು. ಮೇಲೆ ತಂಪಿಗೆಂದು ಅರಿಸಿನ ಬಳಿದಳು. ಮೇಲೆ ಹಳದಿ, ಕೆಳಗೆ ಕೆಂಪು. ನವೆಂಬರ್ ಒಂದಕ್ಕೆ ಶಾಲೆಯ ಮೇಲೆ ಹಾರಬೇಕಾದ ಬಾವುಟ ಮೀನಾಳ ಪಕ್ಕೆಯ ಮೇಲೆ ಎರಡು ತಿಂಗಳು ಮೊದಲೇ ಹಾರಿತು.

"ಹೆಡಿಗೂ ಬಾಲಕ್ಕೂ ನಡುವ ಒಂದು ಗೇಣು ಉಳದೈತಿ" ಎಂದು ಮಂಗಿಬಾಯಿ ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಅಳೆದು ತೋರಿಸಿದಳು. "ಗೇಣು ಇರೂತನಕ ಜೀವ ಐತಿ. ಇನ್ನ ದವಾಖಾನಿಗೆ ಓಡು. ನನ್ನ ಗೆರಿ ಹಾವು ನಿಂದ್ರಸ್ತೈತಿ, ಜ್ವರ ನಿಂದ್ರಸಂಗಿಲ್ಲ."

*

"ಯೇ ಕ್ಯಾ ಲಗಾಯಾ ಬಾಯಿ? ಬಚ್ಚೀ ಪೇ ಮೈನಿಂಗ್ ಕಿಯಾ ಕ್ಯಾ?" ಎಂದರು ಡಾಕ್ಟರು, ಹುಡುಗಿಯ ಮೇಲೆ ಗಣಿಗಾರಿಕೆ ನಡೆಸಿದ್ದೀಯಾ ಎಂಬಂತೆ. ಮೈ ಎಂದರೆ ಏನೆಂದು ಆ ಕೊಂಕಣಿ ಡಾಕ್ಟರರಿಗೆ ಗೊತ್ತಿರಲಿಲ್ಲ. ಆದರೂ ಸರಿಯಾಗಿಯೇ ಹೇಳಿದ್ದರು.

"ಸಾಪ್ ಹೈ, ಸಾಬ್" ಎಂದಳು ಭಾಗವ್ವ.

"ಸಾಫ್? ಕಹಾಂ ಸಾಫ್ ಹೈ? ಪೆಹಲೇ ಸಾಫ್ ಕರೋ!"

ಹಾವು ಹೋಗಿ ಸ್ವಚ್ಛವಾಗಿ ಇಬ್ಬರೂ ಸುಸ್ತಾದ ಮೇಲೆ ಕೃಷ್ಣಾಬಾಯಿಯನ್ನು ಕರೆದರು. ಕೃಷ್ಣಾಬಾಯಿ ಕಾರವಾರದವರು, ರೋಗಿಗಳಿಗೆ ತಿಳಿಹೇಳುವ ಕೆಲಸ. ಹತ್ತಿ ನೆನೆಸಿ ಮೀನಾಳ ಪಕ್ಕೆಯಿಂದ ಅದಿರನ್ನು ನಿಧಾನವಾಗಿ ಒರೆಸುತ್ತ ಮಾತಾಡಿದರು.

"ಇದು ಹಾವೂ ಅಲ್ಲ, ದೋಷವೂ ಅಲ್ಲ. ಸಣ್ಣವಳಿದ್ದಾಗ ಮೈಮೇಲೆ ಅಮ್ಮ ಬಂದು ಹೋಗಿದ್ದಳಾ? ಆ ರೋಗದ ಬೀಜ ನರದಲ್ಲಿ ಮಲಗಿರ್ತದೆ. ಮೈಯ ಶಕ್ತಿ ಇಳಿದಾಗ ಏಳ್ತದೆ. ಕಾಲಿನ ಗುಳ್ಳೆಯೂ ಹಾಗೇ. ಎಲ್ಲರಿಗೂ ಕಚ್ಚುವ ಸೊಳ್ಳೆಯೇ, ಆದರೆ ಇವಳ ಮೈಗೆ ತಡಕೊಳ್ಳಲಿಕ್ಕೆ ಆಗೂದಿಲ್ಲ."

"ಯಾಕ ಆಗಂಗಿಲ್ರಿ?"

ಕೃಷ್ಣಾಬಾಯಿ ಸೂಜಿ ತೆಗೆದರು. ಮೀನಾಳ ರಕ್ತ ಪರೀಕ್ಷೆಗೆ ಒಳಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಐದನೆಯ ಸಲ ಎಣಿಸಲು ಮೀನವೂ ಉಳಿಯಲಿಲ್ಲ, ಮೇಷವೂ ಉಳಿಯಲಿಲ್ಲ.

"ನಿಮಗಿದ್ದ ಎಚ್.ಐ.ವಿ. ಹೊಟ್ಟೆಯಲ್ಲಿರುವಾಗಲೇ ಅವಳಿಗೂ ಬಂದಿದೆ. ಇನ್ನು ಅವಳಿಗೂ ಗುಳಿಗೆ. ತಪ್ಪಿಸಬಾರದು. ತಪ್ಪಿಸದಿದ್ದರೆ ಚರ್ಮ ತಿಳಿಯಾಗ್ತದೆ, ಓದ್ತಾಳೆ, ದೊಡ್ಡವಳಾಗ್ತಾಳೆ. ಗಟ್ಟಿಯಾಗಿರಿ."

ಭಾಗವ್ವ ಗಟ್ಟಿಯಾಗಿದ್ದಳು. ಮೀನಾಳ ಎರಡು ಜಡೆ ಬಿಚ್ಚಿ ಒಂದು ಜಡೆ ಹಾಕಿದಳು. ಅದನ್ನು ಬಿಚ್ಚಿ ಮತ್ತೆ ಎರಡು ಹಾಕಿದಳು.

"ಸಾಲ್ಯಾಗ ಒಳಗ ಕೂಡಸವಲ್ರು. ಅಂಟು ಅಲ್ಲ ಅಂತ ಬರದು ಕೊಡ್ರಿ" ಎಂದಳು ಕೊನೆಗೆ.

ಮೂರು ವಾರಕ್ಕೆ ಗುಳ್ಳೆಗಳು ಒಣಗಿ ಹಕ್ಕಳೆ ಉದುರಿ, ಪಕ್ಕೆಯ ಮೇಲೆ ಕಪ್ಪು ಕಲೆಗಳ ಪಟ್ಟಿ ಮಾತ್ರ ಉಳಿಯಿತು. ಡಾಕ್ಟರು ಬರೆದುಕೊಟ್ಟರು: ಗಾಯ ಒಣಗಿದೆ, ಅಂಟುವುದಿಲ್ಲ, ಕಾಲಿನ ಗುಳ್ಳೆಯೂ ಅಂಟುವುದಿಲ್ಲ, ಹುಡುಗಿಯನ್ನು ತರಗತಿಯೊಳಗೆ ಕೂಡಿಸಲು ಅಡ್ಡಿಯಿಲ್ಲ. ಗುಮಾಸ್ತ ಕೆಳಗೆ ಮುದ್ರೆ ಒತ್ತಿದ. ಅಂಗೈಯಷ್ಟು ದೊಡ್ಡ, ನೇರಳೆ ಬಣ್ಣದ ಮುದ್ರೆ. ಅದರ ನಡುವೆ ಎಚ್.ಐ.ವಿ. ಗುಳಿಗೆ ಕೊಡುವ ಕಿಟಕಿಯ ಅದೇ ಮೂರು ಅಕ್ಷರ: ಎ, ಆರ್, ಟಿ. ಗುಮಾಸ್ತನ ತಲೆಯ ಮೇಲೆ 'ರೋಗಿಯ ಗುಟ್ಟು ಕಾಪಾಡುವುದು ನಮ್ಮ ಧರ್ಮ' ಎಂದು ಮೂರು ಭಾಷೆಯಲ್ಲಿ ಬೋರ್ಡು ಇತ್ತು.

ಭಾಗವ್ವನಿಗೆ ಓದು ಬರುತ್ತಿರಲಿಲ್ಲ. ಮುದ್ರೆ ದೊಡ್ಡದಿದ್ದಷ್ಟೂ ಕಾಗದಕ್ಕೆ ತೂಕ ಹೆಚ್ಚು ಎಂದು ಅವಳಿಗೆ ಖುಷಿಯೇ ಆಯಿತು.

*

ಪದ್ಮಶ್ರೀ ಕಾಗದವನ್ನು ಮೇಲಿಂದ ಕೆಳಕ್ಕೆ ಓದಿದರು. ಮುಖ ಸಡಿಲವಾಯಿತು. ಮುದ್ರೆಗೆ ಬಂದಾಗ ಬಿಗಿಯಾಯಿತು. ಕಾಗದವನ್ನು ಮೇಜಿನ ಮೇಲಿಟ್ಟು ಅಳತೆಪಟ್ಟಿಯಿಂದ ದೂರ ತಳ್ಳಿದರು.

"ಇದ ಏನು ನಿನ್ನ ಆರ್ಟು?"

ಭಾಗವ್ವ ಮೇಜಿನಂಚಿನ ಮುದ್ರೆಯನ್ನು ಮತ್ತೊಮ್ಮೆ ನೋಡಿದಳು.

ಶಾಲಾ ಸಮಿತಿಯ ಅಧ್ಯಕ್ಷ ಆನಂದತೀರ್ಥರನ್ನು ಫೋನು ಮಾಡಿ ಕರೆಸಿದರು. ಧಾರವಾಡದವರು, ಯಾವುದೋ ಆಫೀಸಿನಲ್ಲಿ ದೊಡ್ಡ ಹುದ್ದೆ, ಗೋವಾದಲ್ಲಿ ಕನ್ನಡ ಉಳಿಸುವವರು. ಅವರ ಮೊಮ್ಮಗಳು ಸುಮೇಧಾ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಉಳಿಸಿದ್ದನ್ನು ದಿನದಿನ ಖರ್ಚು ಮಾಡಬಾರದು ನೋಡಿ.

ಅವರು ಕುರ್ಚಿಯಲ್ಲಿ ಕುಳಿತರು. ಭಾಗವ್ವ ನಿಂತಳು. ಮೀನಾ ಚಪ್ಪಲಿ ಸಾಲಿನಲ್ಲಿದ್ದಳು.

"ಕೂಡಸ್ಲಿಕ್ಕೆ ಅಡ್ಡಿ ಇಲ್ಲ ಅಂತನ ಬರದಾರ್ರಿ ಧಣಿ" ಎಂದಳು ಭಾಗವ್ವ.

"ಏನ್ ಬರದಾರ ಅನ್ನೋದಲ್ಲಮ್ಮಾ. ಎಲ್ಲಿಂದ ಬರದಾರ ಅನ್ನೋದು ಅದ ಇಲ್ಲೆ." ಆನಂದತೀರ್ಥರ ದನಿ ಮೆತ್ತಗಿತ್ತು. "ನಮಗೇನು ಸಂಕಟಿಲ್ಲ ಅಂತ ತಿಳೀಬ್ಯಾಡ. ಆದ್ರ ನಲವತ್ತು ಹುಡುಗೂರ ತಂದಿತಾಯಿಗೆ ನಾ ಏನು ಹೇಳ್ಲಿ? ಅದೂ ಅಲ್ಲದ ಸರ್ಪಸುತ್ತು ಬ್ಯಾರೆ ಆಗೇದಂತಲ್ಲಾ?"

"ಆಗಿತ್ರಿ. ಒಣಗೇತ್ರಿ."

"ಸರ್ಪ ಅಂದ್ರ ಸಾಮಾನ್ಯ ಅಲ್ಲ. ನಮ್ಮ ಕಾಕಾಗ ಆಗಿತ್ತು. ಎಂ.ಎಸ್ಸಿ. ಆದಾಂವ, ಯಾವದೂ ನಂಬತಿದ್ದಿಲ್ಲ. ಹೆಡಿ ಬಾಲ ಕೂಡಿತು, ಮೂರ ದಿನ. ನಾ ನನ್ನ ಕಣ್ಣಾರೆ ನೋಡೇನಿ." ಅವರು ಕಣ್ಣು ಮುಚ್ಚಿ ಕೈ ಮುಗಿದರು. "ಒಂದು ಶಾಂತಿ ಮಾಡಸು. ಆಮ್ಯಾಲ ಶಿಕ್ಷಣ ಆಫೀಸಿನಿಂದ ಒಂದು ಪತ್ರ ತಾ. ಪೋಷಕರ ಒಪ್ಪಿಗಿ ಸಹಿ ತಾ. ಸಮಿತಿ ಮುಂದ ಇಡೋಣ. ರಾಜ್ಯೋತ್ಸವದೊಳಗ ಆಗಲಿಲ್ಲ ಅಂದ್ರ ಹಾಜರಿಯೊಳಗ ಹೆಸರು ಹೊಡೀಬೇಕಾಗ್ತದ. ನಾವೇನು ಮಾಡ್ಲಿಕ್ಕೆ ಬರ್ತದ? ನಿಯಮ."

"ಅಲ್ಲೀತನಕ ಎಲ್ಲಿ ಕೂಡ್ಲಿ ಧಣಿ ಹುಡುಗಿ?"

ಆನಂದತೀರ್ಥರು ಬಾಗಿಲಿನ ಕಡೆ ನೋಡಿದರು. ಅಲ್ಲಿ ಜಾಗ ಇದ್ದೇ ಇತ್ತು.

ಭಾಗವ್ವ ಸುತ್ತತೊಡಗಿದಳು. ಶಿಕ್ಷಣ ಆಫೀಸಿಗೆ ಒಂದು ಸುತ್ತು. ಅಲ್ಲಿ ಸಾಹೇಬರು ಮಡಗಾಂವಕ್ಕೆ ಹೋಗಿದ್ದರು. ಎರಡನೆಯ ಸುತ್ತಿಗೆ ಸಾಹೇಬರು ಇದ್ದರು, ಕನ್ನಡ ಓದುವವರು ಇರಲಿಲ್ಲ. ಮೂರನೆಯ ಸುತ್ತಿಗೆ ಇಬ್ಬರೂ ಇದ್ದರು, ಅದು ತಮ್ಮ ವಿಷಯವಲ್ಲ, ಶಾಲೆಯ ವಿಷಯ ಎಂದರು. ಪೋಷಕರ ಸಹಿಗೆಂದು ಓಣಿ ಸುತ್ತಿದಳು. ಮಂಗಿಬಾಯಿ ಮೊಮ್ಮಗನ ಪರವಾಗಿ ಹೆಬ್ಬೆಟ್ಟು ಒತ್ತಿದಳು, ಎರಡೂ ಕೈಯದು. ಉಳಿದ ಮನೆಗಳಲ್ಲಿ ಗಂಡ ಬರಲಿ ಎಂದರು. ಹಾವಿನ ಸುತ್ತು ಮೂರು ವಾರಕ್ಕೆ ಮುಗಿದಿತ್ತು. ಈ ಸುತ್ತಿಗೆ ಹೆಡೆ ಎಲ್ಲಿ, ಬಾಲ ಎಲ್ಲಿ ಎಂದು ತೋರಿಸುವವರೇ ಇರಲಿಲ್ಲ.

*

ಸುದ್ದಿಗೆ ಬಸ್ಸು ಬದಲಿಸುವ ತೊಂದರೆ ಇಲ್ಲ. ದೀಪಾವಳಿಯ ಮರುದಿನ ಬಂದರಿನಲ್ಲಿ ಕೂಲಿಯವರ ಮೇಲ್ವಿಚಾರಕ, ಮುಕಾದಮ ಖೇಮಪ್ಪ ಭಾಗವ್ವನನ್ನು ತಡೆದು ನಿಲ್ಲಿಸಿದ. ಅವನ ಕ್ಷೇಮ ಅವನ ಹೆಸರಿನಲ್ಲೇ ಇತ್ತು.

"ಏ ರಂಡಿ, ಅಲ್ಲೇ ನಿಂದ್ರು. ನೀರಿನ ಕೊಡ ಮುಟ್ಟಬ್ಯಾಡ. ಹೆಂಗಸರ ಪೊರಕಿ ಮುಟ್ಟಬ್ಯಾಡ."

"ಪೊರಕಿ ಮುಟ್ಟದ ಗುಡಸೋದು ಹ್ಯಾಂಗೋ ಭಾಡ್ಯಾ? ನಿನ್ನ ಮೀಸಿಲೇ ಗುಡಸ್ಲೇನು?"

ಹೆಂಗಸರು ನಕ್ಕರು. ನಗು ನಿಂತ ಮೇಲೆ ಎರಡು ಹೆಜ್ಜೆ ಹಿಂದೆ ಸರಿದರು.

"ಬಾಯಿ ಮಾಡಬ್ಯಾಡ. ಮಂದಿ ಕಡಿಮಿ ಅದಾರಂತ ಇಟಗೊಂಡೇನಿ." ಖೇಮಪ್ಪ ಉಗ್ರಾಣದಿಂದ ಹೊಸ ಪೊರಕೆಯೊಂದನ್ನೂ ಹೊಸ ಬಕೀಟನ್ನೂ ತರಿಸಿ ಅವಳ ಮುಂದೆ ಎಸೆದ. "ಇವು ನಿನ್ನವು. ನೀನ ಇಟಗೊ, ಮನೀಗೆ ಒಯ್ಯಿ. ಮತ್ತೊಬ್ಬರು ಮುಟ್ಟಂಗಿಲ್ಲ."

ಹದಿನಾಲ್ಕು ವರ್ಷದ ದುಡಿಮೆಯಲ್ಲಿ ಬಂದರು ಭಾಗವ್ವನಿಗೆ ಸ್ವಂತಕ್ಕೆಂದು ಕೊಟ್ಟದ್ದು ಅವೆರಡೇ. ತೆಂಗಿನ ಗರಿಯ ಉದ್ದನೆಯ ಪೊರಕೆ, ಗಟ್ಟಿ ಹಿಡಿಕೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಚಲೋ ಪೊರಕೆಯಾಗಿತ್ತು.

ಸಂಜೆ ಮನೆಗೆ ಬರುವಾಗ ಬಕೀಟು ಖಾಲಿ ಇರಲಿಲ್ಲ. ಮರುದಿನವೂ ಇರಲಿಲ್ಲ. ಮುಟ್ಟಿ ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಗೇಟಿನಲ್ಲಿ ಕೇಳುವವರೂ ಇರಲಿಲ್ಲ.

*

ನವೆಂಬರ್ ಒಂದು, ಭಾನುವಾರ. ಶಾಲೆಗೆ ಹೊಸ ಸುಣ್ಣ. ಸಡಾ ಗುಡ್ಡದ ಮೇಲೆ ಬೆಳ್ಳಗಿದ್ದ ವಸ್ತು ಅದೊಂದೇ. ಕೋಣೆಗಳ ನಡುವಿನ ತಟ್ಟಿ ತೆಗೆದು ಸಭಾಗೃಹ ಮಾಡಿದ್ದರು. ಹಿಂದಿನ ಬಾಗಿಲಿಗೆ ವೇದಿಕೆಯ ಪರದೆ ಬಡಿದಿದ್ದರಿಂದ ಮುಂದಿನ ಬಾಗಿಲೊಂದೇ ದಾರಿ. ವೇದಿಕೆಯ ಮೇಲೆ ಆನಂದತೀರ್ಥರು, ಪದ್ಮಶ್ರೀ, ಅದಿರಿನ ಯಾವುದೋ ಕಂಪನಿಯಿಂದ ಬಂದ ಮುಖ್ಯ ಅತಿಥಿ, ಮತ್ತಿಬ್ಬರು ಸಮಿತಿಯವರು. ನಡುವೆ ತಾಯಿ ಭುವನೇಶ್ವರಿಯಾಗಿ ಕಿರೀಟ ಧರಿಸಿದ ಸುಮೇಧಾ. ಕೆಳಗೆ ನಲವತ್ತೊಂದು ಮಕ್ಕಳು. ಹೊರಗೆ ಚಪ್ಪಲಿ ಸಾಲು, ಇವತ್ತು ಬೂಟುಗಳೂ ಸೇರಿ ಸ್ವಲ್ಪ ಘನತೆಯಿಂದ. ಕಿಟಕಿಗಳ ಸರಳು ಹಿಡಿದುಕೊಂಡು ಓಣಿಯ ಜನ.

ಆನಂದತೀರ್ಥರು ಮೈಕಿನಲ್ಲಿ ಮಾತಾಡುತ್ತಿದ್ದರು. "ಬಂಧುಗಳೇ, ನಾಡಿನಿಂದ ದೂರ ಇರುವ ನಾವು ಒಬ್ಬರಿಗೊಬ್ಬರು ಅಂಟಿಕೊಂಡಿರಬೇಕು..."

ಭಾಗವ್ವ ಬಾಗಿಲ ಎಡಗಡೆ ಬಕೀಟು ಇಳಿಸಿದಳು. ಎರಡು ವಾರದ ಅದಿರು, ನೀರು ಹಾಕಿ ಕಲಸಿದ್ದು. ಪೊರಕೆ ಅದ್ದಿದಳು. ಹೊಸ ಸುಣ್ಣದ ಗೋಡೆಯ ಮೇಲೆ, ಮೊಣಕಾಲೆತ್ತರಕ್ಕೆ, ಗೇಣಗಲದ ಪಟ್ಟೆ ಎಳೆಯುತ್ತ ಹೊರಟಳು. ಗುಡಿಸುವ ಕೈ ಅದು, ಎಲ್ಲೂ ತಡೆಯಲಿಲ್ಲ. ಹಿಂದೆ ಮೀನಾ ಬೆರಳು ಅದ್ದಿ ಪಟ್ಟೆಯ ಅಂಚಿಗೆ ಗುಳ್ಳೆಯಂಥ ಹಾವಿನ ಹುರುಪೆ ಬಿಡಿಸುತ್ತ ಬಂದಳು. ತನ್ನ ಪಕ್ಕೆಯನ್ನು ಮೂರು ವಾರ ನೋಡಿದ್ದಳಾದ್ದರಿಂದ ನೋಡಿ ಬರೆಯುವ ಅಗತ್ಯ ಇರಲಿಲ್ಲ.

ಕಿಟಕಿಯ ಹತ್ತಿರ ನಿಂತಿದ್ದ ಮಂಗಿಬಾಯಿ ಬಗ್ಗಿ ನೋಡಿದಳು.

"ಏನ ಇದು, ಭಾಗೀ?"

"ಆರ್ಟು. ಅಕ್ಕೋರ ರಾಜ್ಯೋತ್ಸವಕ್ಕ ಚಿತ್ರಾ ತಗೀ ಅಂದಿದ್ರು."

ಮಂಗಿಬಾಯಿ ಇನ್ನೊಂದು ಸಲ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಬಕೀಟು ತಾನೇ ಹಿಡಿದುಕೊಂಡಳು.

ಒಳಗೆ ಮುಖ್ಯ ಅತಿಥಿಗಳು ಕನ್ನಡದ ಮಣ್ಣಿನ ಗುಣದ ಬಗ್ಗೆ ಹಿಂದಿಯಲ್ಲಿ ಮಾತಾಡಿ ಮುಗಿಸುವ ಹೊತ್ತಿಗೆ ಹಾವು ಶಾಲೆಯ ಹಿಂಬದಿ ದಾಟಿ, ಬಲಗೋಡೆ ಹಾದು, ಮುಂಬಾಗಿಲಿಗೆ ಬಂದಿತ್ತು. ಎಡಗಡೆಯಿಂದ ಬಾಲವನ್ನು ಹೊಸ್ತಿಲ ಕಲ್ಲಿನ ಮೇಲಕ್ಕೆ ತಂದರು. ಬಲಗಡೆಯಿಂದ ಹೆಡೆಯನ್ನು ತಂದರು. ಹೆಡೆಯ ಮೇಲೆ ಮೀನಾ ಎರಡು ಕಣ್ಣು ಇಟ್ಟಳು. ಮಂಗಿಬಾಯಿ ಬಗ್ಗಿ ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಅಳೆದಳು.

"ಒಂದು ಗೇಣು" ಎಂದಳು ಗಟ್ಟಿಯಾಗಿ. ಕಿಟಕಿಗಳ ಜನ ಸರಳು ಬಿಟ್ಟು ಹಿಂದೆ ಸರಿದರು.

ಒಳಗೆ ಭಾಷಣ ನಿಂತಿತು. ಆನಂದತೀರ್ಥರು ಮೈಕು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು, ಹೊಸ್ತಿಲು ನೋಡಿ, ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದರು.

"ಏನಿದು ಅಸಹ್ಯ?"

"ಸರ್ಪಸುತ್ತುರಿ ಧಣಿ. ಸಾಲಿಗೆ ಆಗೇತಿ."

"ಹಿಂದ ತನಕಾ ಅದ ಏನು?"

"ಸುತ್ತೂ ಐತ್ರಿ. ನೀವ ಸುತ್ತಾಕ ಹಚ್ಚಿದ್ರಲ್ಲ, ರೂಢಿ ಆಗೇತಿ."

ಮಂಗಿಬಾಯಿ ಮುಂದೆ ಬಂದು ಒಳಗೆ ಇಣುಕಿ ಕೂಗಿದಳು: "ಏ ಹುಡುಗೂರಾ, ಹೊರಗ ಬರ್ರಿ! ಸಣ್ಣ ಮಕ್ಕಳಿಗೆ ಹಾವು ಏನೂ ಮಾಡಂಗಿಲ್ಲ. ಗೇಣಿನಾಗ ಕಾಲಿಟ್ಟು ಜಿಗೀರಿ!"

ಅವಳ ಮೊಮ್ಮಗ ಮೊದಲು ಜಿಗಿದ. ಆಮೇಲೆ ಅದು ಕುಂಟಾಟವಾಯಿತು. ಒಂಟಿಕಾಲಲ್ಲಿ ಗೇಣಿನೊಳಗೆ ಒಂದು ಹೆಜ್ಜೆ, ಆಚೆಗೊಂದು. ನಲವತ್ತೊಂದು ಮಕ್ಕಳೂ ನಗುತ್ತ ಹೊರಗೆ ಬಂದು ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡರು. ಕೊನೆಗೆ ಸುಮೇಧಾ ಕಿರೀಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾರಿದಳು. ಕನ್ನಡಾಂಬೆ ಹೊರಗೆ ಬಂದಳು. ಸಮಿತಿ ಒಳಗೆ ಉಳಿಯಿತು.

"ಎಲ್ಲಾ ಮೂಢನಂಬಿಕಿ!" ಎಂದರು ಪದ್ಮಶ್ರೀ, ಆನಂದತೀರ್ಥರ ಬೆನ್ನ ಹಿಂದಿನಿಂದ.

"ಹೌದ್ರಿ ಅಕ್ಕೋರ. ಹಾವೂ ಅಲ್ಲ, ದೋಷವೂ ಅಲ್ಲ, ದವಾಖಾನ್ಯಾಗ ಹಂಗ ಹೇಳ್ಯಾರ" ಎಂದಳು ಭಾಗವ್ವ. "ಹಂಗಾರ ದಾಟ್ರಿ."

ಪದ್ಮಶ್ರೀ ಮುಂದೆ ಬಂದರು. ಸೀರೆಯ ನೆರಿಗೆ ಎತ್ತಿದರು. ಆನಂದತೀರ್ಥರು ಗಬಕ್ಕನೆ ಅವರ ತೋಳು ಹಿಡಿದರು. "ಬ್ಯಾಡ್ರಿ! ನಮ್ಮ ಕಾಕಾನೂ ಹಿಂಗ ಅಂದಿದ್ದ!" ನೆರಿಗೆ ಕೆಳಗಿಳಿಯಿತು. ಮುಖ್ಯ ಅತಿಥಿಗಳು ಏನಾಯಿತೆಂದು ಹಿಂದಿಯಲ್ಲಿ ಕೇಳಿದರು. ಒಬ್ಬ ಸಮಿತಿಯವನು ಅನುವಾದ ಮಾಡಿದ. ಅತಿಥಿಗಳು ಗೋಡೆಯ ಕೆಂಪನ್ನು ಬೆರಳಿನಿಂದ ಮುಟ್ಟಿ, ಮೂಸಿ, ತಮ್ಮದೇ ಮಾಲು ಎಂದು ಗುರುತಿಸಿ, ಕುರ್ಚಿಗೆ ಹೋಗಿ ಕುಳಿತರು.

"ಭಾಗವ್ವಾ" ಎಂದರು ಆನಂದತೀರ್ಥರು. ದನಿ ಈಗಲೂ ಮೆತ್ತಗೇ ಇತ್ತು. "ನೀ ಶಾಣ್ಯಾಕಿ ಇದ್ದಿ. ನೀರು ಹಾಕಿ ಅಳಸಿಬಿಡು. ಕೂತು ಮಾತಾಡೋಣ."

"ಕೂಡೂ ಮಾತ ಆಡಾಕತ್ತೇನ್ರಿ ನಾನೂ. ಶ್ರಾವಣದಾಗಿಂದ." ಭಾಗವ್ವ ಪೊರಕೆಯನ್ನು ನೆಲಕ್ಕೆ ಊರಿದಳು. "ಸರ್ಟಿಫಿಕೇಟ್ ತಂದೆ. ಸುತ್ತಿ ಬಂದೆ. ಇನ್ನ ನೀವ ಹೇಳ್ರಿ. ನನ್ನ ಮಗಳನ್ನ ಒಳಗ ಕೂಡಸ್ತೀರೋ," ಪೊರಕೆಯ ತುದಿಯಿಂದ ಗೇಣನ್ನು ತೋರಿಸಿದಳು, "ನಾ ಇದನ್ನ ಕೂಡಸ್ಲೋ?"

"ಸಮಿತಿ ಸಭಾ ಕರದು..."

"ಸಮಿತಿ ಎಲ್ಲಾ ಒಳಗ ಐತ್ರಿ. ಕರೀರಿ."

ಆನಂದತೀರ್ಥರು ಹಿಂದೆ ತಿರುಗಿ ಸಮಿತಿಯನ್ನು ನೋಡಿದರು. ಸಮಿತಿ ನೆಲ ನೋಡಿತು. ಹಾಜರಿ ಪುಸ್ತಕ ಮೇಜಿನ ಮೇಲಿತ್ತು, ಪಕ್ಕದಲ್ಲಿ ಕೆಂಪು ಪೆನ್ನು ಇತ್ತು. ಹೊರಗೆ ಮಕ್ಕಳು ಚಪ್ಪಲಿ ಹಾಕಿಕೊಂಡು ನಿಂತಿದ್ದವು. ಯಾರೂ ಮನೆಗೆ ಹೋಗಲಿಲ್ಲ. ಖೇಮಪ್ಪನೂ ಜನರ ಹಿಂದೆ ನಿಂತು, ಮುಂದೆ ಬರಲು ಕ್ಷೇಮವಲ್ಲವೆಂದು ಅಲ್ಲೇ ನಿಂತಿದ್ದ.

ಮೀನಾ ಹೊಸ್ತಿಲ ಮುಂದೆ, ಹೆಡೆಗೂ ಬಾಲಕ್ಕೂ ಎದುರಾಗಿ, ಮೊಣಕಾಲೂರಿ ಕುಳಿತಳು. ಅಲ್ಲಿಂದ ತಲೆ ಎತ್ತಿ ನೋಡಿದಳು.

"ಅವ್ವಾ, ಇಲ್ಲಿಂದ ಹಲಗಿ ಪೂರ್ತಿ ಕಾಣತೈತಿ."

"ಏನ್ ಬರದಾರ?"

ಮೀನಾ ಎಡದಿಂದ ಹೊರಟು, ಎಂದೂ ನೋಡದಿದ್ದ ಬಲಭಾಗದ ಕಡೆಗೆ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಕನ್ನಡಿಗರೆಲ್ಲರೂ... ಒಳಗೆ... ಬನ್ನಿ."

ಮೈಕು ಆನಂದತೀರ್ಥರ ಕೈಯಲ್ಲಿ ಹಾಗೇ ಇತ್ತು, ಅವರ ಉಸಿರು ಗುಡ್ಡಕ್ಕೆಲ್ಲ ಕೇಳಿಸುತ್ತಿತ್ತು. ಮೀನಾ ಬೆರಳನ್ನು ಬಕೀಟಿನಲ್ಲಿ ಅದ್ದಿದಳು. ಎತ್ತಿ, ಹೆಡೆಯ ಮುಂದೆ ಹಿಡಿದು, ಅವ್ವನ ಮುಖ ನೋಡಿದಳು. ಬೆರಳ ತುದಿಯಿಂದ ಒಂದು ಹನಿ ಗೇಣಿನೊಳಗೆ ಬಿತ್ತು. ಇನ್ನೊಂದು ತುಂಬಿಕೊಳ್ಳುತ್ತಿತ್ತು.